ಕಂದಾಯವಿಲ್ಲದ ನೆಲದ ಹೂಗಳು: ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಸೀಮೆಯ ಭಾದ್ರಪದದ ಚರಿತ್ರೆ

ರಾಯಚೂರು ಜಿಲ್ಲೆಯ ಉತ್ತರದ ಅಂಚಿನಗುಂಟ ಹರಿದು ಬರುವ ಕೃಷ್ಣೆಗೆ ತಂಗಿಡಿ ಗ್ರಾಮದ ಬಳಿ ಭೀಮೆ ಬಂದು ಕೂಡುವಲ್ಲಿಂದ ಇಂದಿನ ತೆಲಂಗಾಣ ರಾಜ್ಯದ ನಾರಾಯಣಪೇಟೆ ಜಿಲ್ಲೆ ಆರಂಭವಾಗುತ್ತದೆ. ನದಿಯ ಉತ್ತರಕ್ಕೆ ಕೃಷ್ಣಾ, ಮಾಗನೂರು, ಮಕ್ತಲ್ ಮಂಡಲಗಳೂ (ಮಂಡಲವೆಂದರೆ ಹಳೆಯ ತಾಲ್ಲೂಕಿಗಿಂತ ಚಿಕ್ಕದಾದ ಆಡಳಿತ ಘಟಕ) ಅವುಗಳ ಆಚೆಗೆ ಸೀರೆಗಳಿಗೆ ಹೆಸರಾದ ನಾರಾಯಣಪೇಟೆ ಪಟ್ಟಣವೂ ಇದ್ದರೆ, ದಕ್ಷಿಣಕ್ಕೆ ಕೃಷ್ಣೆಗೂ ತುಂಗಭದ್ರೆಗೂ ನಡುವೆ, ಎರಡು ಹೊಳೆಗಳ ನಡುವಣ ನೆಲವೆಂಬ ಅರ್ಥದಲ್ಲಿ ಜನ ನಡಿಗಡ್ಡ ಎಂದು ಕರೆಯುವ ಗದ್ವಾಲ್ ಸೀಮೆ ಹಬ್ಬಿದೆ. ಹೊಳೆಯ ದಂಡೆಯ ಹಲವು ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಸಂತೆಯ ಮಾತು ತೆಲುಗು, ಹಳೆಯ ಕಂದಾಯ ಕಾಗದಗಳ ಮಾತು ಉರ್ದು. ಅಲ್ಲಲ್ಲಿ ಗ್ರಾನೈಟ್ ಗುಂಡುಗಳ ಗುಡ್ಡಗಳು, ಅವುಗಳ ಕೆಳಗೆ ಮಸಾರಿ ಎನಿಸುವ ಕೆಂಪು ನೆಲ, ಹೊಳೆಯ ಕಡೆಗೆ ಇಳಿದಂತೆ ಎರೆ ಎನಿಸುವ ಕಪ್ಪು ನೆಲ, ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ, ಇಳಿಜಾರಿಗೆ ಅಡ್ಡವಾಗಿ ಕಟ್ಟಿದ ಕೆರೆಕುಂಟೆಗಳು, ಇವಿಷ್ಟು ಸೇರಿ ಈ ಸೀಮೆಯ ನೆಲದ ಗುಣವನ್ನು ರೂಪಿಸಿವೆ.

ಉತ್ತರ ಗೋಳಾರ್ಧದ ತಂಪು ದೇಶಗಳವರು ಬೇಸಿಗೆಯ ಕೊನೆಯೆಂದು ಎಣಿಸಿ ಕಾಡುಹೂಗಳನ್ನು ಅರಸಿ ಹೊರಡುವ ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳುಗಳು ಇಲ್ಲಿ ಮಘೆ, ಹುಬ್ಬಿ, ಉತ್ತರಿ ಮಳೆಗಳ ಕಾಲವಾಗಿದ್ದು, ಜೂನಿನಲ್ಲಿ ಬಂದಂತೆ ಮಾಡಿ ಹಿಂಜರಿಯುವ ಮುಂಗಾರಿಗಿಂತ ಈ ಕೊನೆಯ ಮಳೆಗಳನ್ನೇ ಒಕ್ಕಲಿಗರು ಹೆಚ್ಚು ನಂಬಿಕೊಂಡು ಬಂದಿದ್ದಾರೆ. ಆದ್ದರಿಂದ ಈ ಸೀಮೆಯಲ್ಲಿ ಕಾಡುಹೂವಿನ ಸುಗ್ಗಿ ಚೈತ್ರದ್ದಲ್ಲ, ಭಾದ್ರಪದದ್ದು. ಕೆರೆಗೆ ನೀರು ಬಂದು, ಏರಿಯ (ಕೆರೆಯ ಒಡ್ಡಿನ) ಹಿಂಬದಿಯಲ್ಲಿ ನೀರು ಜಿನುಗಿ ಜೌಗಾಗಿ, ಕೋಡಿಯ (ಹೆಚ್ಚಾದ ನೀರು ಹರಿದುಹೋಗುವ ದಾರಿಯ) ಬಂಡೆಗಳ ಸಂದುಗಳಲ್ಲಿ ಹಸಿ ನಿಂತಾಗ ಹೂಗಳ ಸರದಿ ಆರಂಭವಾಗುತ್ತದೆ. ನಡುನೀರಿನಲ್ಲಿ ಎಲೆಯನ್ನು ನೀರಿನಿಂದ ಮೇಲಕ್ಕೆತ್ತಿ ಹಿಡಿಯುವ ತಾವರೆ, ಎಲೆಯನ್ನು ನೀರಿನ ಮೇಲೆ ಚಾಚುವ ನೈದಿಲೆ, ಅಂಚಿನ ಕೆಸರಿನಲ್ಲಿ ಬಿಳಿಯ ಚಿಕ್ಕ ಹೂವಿನ ಗರಗ, ನೀಲಿ ಬೆರೆತ ನೇರಳೆ ಹೂವನ್ನೂ ಉದ್ದನೆಯ ಮುಳ್ಳನ್ನೂ ಗೆಣ್ಣುಗೆಣ್ಣಿಗೆ ಹೊತ್ತ ಕೊಳವಳಿಕೆ, ಬದುವಿನ ಮೇಲೆ ತುಂಬೆ, ಬೇಲಿಯ ಪೊದೆಗಳನ್ನು ಹತ್ತಿ ಕೆಂಪು ಹಳದಿಯ ಜ್ವಾಲೆಯಂತಹ ಎಸಳುಗಳನ್ನು ಹಿಂದಕ್ಕೆ ಮಡಿಸಿಕೊಳ್ಳುವ ಗೌರಿ ಹೂ. ನೀರು ಒಸರುವ ಬಂಡೆಗಳ ಮೇಲಿನ ತೆಳುಮಣ್ಣಿನಲ್ಲಿ ಕೀಟಗಳನ್ನು ಹಿಡಿದು ಅರಗಿಸಿಕೊಳ್ಳುವ ಪುಟ್ಟ ಗಿಡಗಳು ಬೆಳೆಯುವುದು ದಖ್ಖನಿನ ಗ್ರಾನೈಟ್ ಪ್ರದೇಶದ ಒಂದು ವಿಶೇಷ. ಬೆರಳುದ್ದವೂ ಇಲ್ಲದ ಆ ಹೂಗಳು ಯಾವ ಹಬ್ಬಕ್ಕೂ ಕೊಯ್ಯಲ್ಪಡದ ಕಾರಣ ಜನರ ಬಾಯಲ್ಲಿ ಅಷ್ಟಾಗಿ ಉಳಿದಿಲ್ಲ.

ಹಬ್ಬಕ್ಕೆ ಕೊಯ್ಯಲ್ಪಡುವ ಹೂಗಳ ಪೈಕಿ ಎರಡನ್ನು ಹತ್ತಿರದಿಂದ ನೋಡುವುದು ಅಗತ್ಯ, ಏಕೆಂದರೆ ಮುಂದಿನ ವಿಷಯವೆಲ್ಲ ಅವುಗಳನ್ನೇ ಅವಲಂಬಿಸಿದೆ. ಮೊದಲನೆಯದು ಕನ್ನಡದಲ್ಲಿ ಅಣ್ಣೆ ಎಂದೂ ತೆಲುಗಿನಲ್ಲಿ ಗುನುಗು ಎಂದೂ ಕರೆಯಿಸಿಕೊಳ್ಳುವ ಗಿಡ. ಎಳೆಯದಾಗಿದ್ದಾಗ ಸೊಪ್ಪಾಗಿ ಸಾರು ಪಲ್ಯಕ್ಕೆ ಬರುವ ಇದು, ಜೋಳ, ಶೇಂಗಾ ಹೊಲಗಳಲ್ಲಿ ಎಡೆ ಹೊಡೆದು ತಪ್ಪಿಸಿಕೊಂಡಷ್ಟೂ ಬೆಳೆದು, ಭಾದ್ರಪದದ ಹೊತ್ತಿಗೆ ತುದಿಯಲ್ಲಿ ನಸುಗೆಂಪು, ಬುಡದಲ್ಲಿ ಬೆಳ್ಳಿ ಬಿಳುಪಿನ ತೆನೆಯಂತಹ ಹೂಗೊಂಚಲನ್ನು ನೆಟ್ಟಗೆ ನಿಲ್ಲಿಸುತ್ತದೆ. ಅದರ ಪುಟ್ಟ ಎಸಳುಗಳು ಒಣಗಿದ ಕಾಗದದಂತೆ ಗರಿಗರಿಯಾಗಿರುವುದರಿಂದ ಕೊಯ್ದ ಮೇಲೂ ದಿನಗಟ್ಟಲೆ ಬಾಡುವುದಿಲ್ಲ, ಬಣ್ಣದ ನೀರಿನಲ್ಲಿ ಅದ್ದಿದರೆ ಬಣ್ಣ ಹಿಡಿದುಕೊಳ್ಳುತ್ತದೆ, ಒಣಗಿದ ಮೇಲೆ ಕೊಡವಿದರೆ ಹೊಳೆಯುವ ಕರಿಬೀಜಗಳು ನೂರಾರು ಸಂಖ್ಯೆಯಲ್ಲಿ ಉದುರಿ ಮರುವರ್ಷದ ಹೊಲವನ್ನು ಸೇರುತ್ತವೆ. ಎರಡನೆಯದು ತಂಗಡಿ, ಕನ್ನಡದ ಇತರ ಸೀಮೆಗಳಲ್ಲಿ ಹೊನ್ನಾವರಿಕೆ ಅಥವಾ ಆವರಿಕೆ, ತೆಲುಗಿನಲ್ಲಿ ತಂಗೇಡು. ಕಂಕರು ನೆಲದಲ್ಲಿ, ದಾರಿಯಂಚಿನಲ್ಲಿ, ಕೆರೆಯ ಏರಿಯ ಹೊರಮೈಯಲ್ಲಿ ಪೊದೆಯಾಗಿ ಬೆಳೆದು ಐದೆಸಳಿನ ಬಂಗಾರದ ಬಣ್ಣದ ಹೂಗಳನ್ನು ಗೊಂಚಲುಗೊಂಚಲಾಗಿ ಬಿಡುವ ಈ ಗಿಡದ ಎಲೆಯ ಬುಡದಲ್ಲಿ ಕಿವಿಯಾಕಾರದ ಅಗಲವಾದ ಉಪಪತ್ರಗಳಿದ್ದು, 1753ರಲ್ಲಿ ಲಿನೀಯಸ್ ಗಿಡಕ್ಕೆ ಕೊಟ್ಟ ಲ್ಯಾಟಿನ್ ಹೆಸರು ಆ ಕಿವಿಗಳನ್ನೇ ಹೇಳುತ್ತದೆ. ದನಕರುಗಳು ಇದಕ್ಕೆ ಬಾಯಿ ಹಾಕುವುದಿಲ್ಲ. ಮೇಯಿಸಿ ಬರಿದಾದ ಗಾಯರಾಣದಲ್ಲೂ (ಊರ ದನಗಳು ಮೇಯುವ ನೆಲದಲ್ಲೂ) ತಂಗಡಿ ಹಳದಿಯಾಗಿ ನಿಂತಿರುವುದಕ್ಕೆ ಇದೇ ಕಾರಣ.

ಇಂತಹ ಹೂಗಳ ಚರಿತ್ರೆಯನ್ನು ಬರೆಯುವುದು ಕಷ್ಟ, ಏಕೆಂದರೆ ದಖ್ಖನಿನಲ್ಲಿ ದಾಖಲೆ ಎಂಬುದು ಯಾವಾಗಲೂ ಕಂದಾಯದ ಬೆನ್ನಿಗೇ ನಡೆದಿದೆ. ಬಾದಾಮಿ ಚಾಲುಕ್ಯರು 7 ಮತ್ತು 8ನೆಯ ಶತಮಾನಗಳಲ್ಲಿ ಕಟ್ಟಿಸಿದ ಆಲಂಪುರದ ದೇಗುಲಗಳು ಗದ್ವಾಲಿಗೆ ದೂರವಿಲ್ಲ. ಆಲಂಪುರದಲ್ಲಿಯೂ ಅದರ ಸುತ್ತಣ ಸೀಮೆಯಲ್ಲಿಯೂ ಕನ್ನಡ ಶಾಸನಗಳು ದೊರೆತಿವೆ. ಕಲ್ಯಾಣದ ಚಾಲುಕ್ಯರ ಕಾಲದ ಕನ್ನಡ ದಾನಶಾಸನಗಳಲ್ಲಿ ದೇವರ ಪೂಜೆಗೆ ಬಿಟ್ಟ ಹೂದೋಟಗಳ ಪ್ರಸ್ತಾಪ ಮತ್ತೆ ಮತ್ತೆ ಬರುತ್ತದೆ. ತೋಟ ಎಷ್ಟು ಮತ್ತರು (ಮತ್ತರು ಆ ಕಾಲದ ನೆಲದ ಅಳತೆ), ಯಾವ ದಿಕ್ಕಿಗೆ ಯಾವ ಗಡಿ ಎಂಬುದನ್ನೆಲ್ಲ ಕಲ್ಲಿನಲ್ಲಿ ಕೊರೆಯಲಾಗಿದೆ. ದೇಗುಲಕ್ಕೂ ಮನೆಮನೆಗೂ ನಿತ್ಯ ಹೂಪತ್ರಿ ಒಪ್ಪಿಸುವ ಹೂಗಾರರಿಗೆ ಅದಕ್ಕೆಂದೇ ಆಯ (ಬೆಳೆಯಲ್ಲಿ ಪಾಲು), ಮಾನ್ಯ (ಕಂದಾಯವಿಲ್ಲದ ಭೂಮಿ) ಇದ್ದವು. ತೋಟದ ಹೂವಿಗೆ ಒಡೆಯನಿದ್ದ, ದಾತನಿದ್ದ, ಗಡಿಯಿತ್ತು. ಆದ್ದರಿಂದ ಅದು ಶಾಸನವನ್ನು ಸೇರಿತು. ಕೆರೆಯಂಗಳದ, ಬದುವಿನ, ಗಾಯರಾಣದ ಹೂವಿಗೆ ಇವು ಯಾವುವೂ ಇರಲಿಲ್ಲ. ಅದನ್ನು ಯಾರೂ ದಾನವಾಗಿ ಕೊಡುವಂತಿರಲಿಲ್ಲ, ಯಾರೂ ತೆರಿಗೆ ಹಾಕುವಂತಿರಲಿಲ್ಲ, ಹೀಗಾಗಿ ಯಾರೂ ಬರೆದಿಡಲೂ ಇಲ್ಲ. ಶಾಸನಗಳ ಈ ಮೌನವನ್ನು ಕಂಡು ಆ ಹೂವುಗಳಿಗೆ ಸಮಾಜದಲ್ಲಿ ಸ್ಥಾನವಿರಲಿಲ್ಲವೆಂದು ತಿಳಿಯುವುದು ತಪ್ಪಾಗುತ್ತದೆ.

ಈ ಮಾತು ಹೈದರಾಬಾದ್ ಸಂಸ್ಥಾನದ ಕಾಲಕ್ಕೆ ಬಂದಾಗ ಇನ್ನಷ್ಟು ಸ್ಪಷ್ಟವಾಗುತ್ತದೆ. 19ನೆಯ ಶತಮಾನದ ಉತ್ತರಾರ್ಧದಲ್ಲಿ ದಿವಾನ ಸಾಲಾರ್ ಜಂಗ್ ಆಡಳಿತವನ್ನು ಜಿಲ್ಲೆ, ತಾಲ್ಲೂಕುಗಳಾಗಿ ವಿಂಗಡಿಸಿ ಭೂಮಿಯ ಲೆಕ್ಕವನ್ನು ಗಟ್ಟಿಗೊಳಿಸಿದ ಮೇಲೆ, ಪ್ರತಿ ಹಳ್ಳಿಯ ನೆಲವೂ ಯಾವುದಾದರೊಂದು ವರ್ಗಕ್ಕೆ ಸೇರಬೇಕಾಯಿತು. ರೈತನ ಹೆಸರಿನಲ್ಲಿ ಪಟ್ಟಾ ಆದ ನೆಲ ಒಂದು ಕಡೆಯಾದರೆ, ಮಿಕ್ಕಿದ್ದಕ್ಕೆ ಹಲವು ಹೆಸರುಗಳು. ಕೆರೆಯ ನೀರು ನಿಲ್ಲುವಷ್ಟು ನೆಲ ಶಿಕಂ ಎನಿಸಿತು; ನೀರು ಹಿಂದೆ ಸರಿದಾಗ ಅದರ ಹಸಿಯಲ್ಲಿ ಯಾರಾದರೂ ಬಿತ್ತಿಕೊಂಡರೂ ಅದು ಕೆರೆಯ ನೆಲವೇ. ಊರ ದನಗಳು ಮೇಯುವ ನೆಲ ಗಾಯರಾಣ. ಯಾರ ಖಾತೆಗೂ ಸೇರದೆ ಸರ್ಕಾರದ ಬಳಿ ಉಳಿದದ್ದು ಖಾರಿಜ್ ಖಾತಾ. ದಾರಿ, ಹಳ್ಳ, ಏರಿ, ಸ್ಮಶಾನ ಮೊದಲಾಗಿ ಸಾರ್ವಜನಿಕ ಬಳಕೆಗೆ ಬಿಟ್ಟು ಕಂದಾಯ ಮಾಫಿ ಮಾಡಿದ್ದು ಪೋರಂಬೋಕು. ಸರ್ಕಾರದ ಕಣ್ಣಿಗೆ ಇವು ಆದಾಯ ತಾರದ ನೆಲಗಳು. ಆದರೆ ಭಾದ್ರಪದದಲ್ಲಿ ಬುಟ್ಟಿ ಹಿಡಿದು ಹೊರಡುವ ಹೆಣ್ಣುಮಕ್ಕಳು ನಡೆಯುತ್ತಿದ್ದುದು ಹೆಚ್ಚಾಗಿ ಇವುಗಳ ಮೇಲೆಯೇ: ತಾವರೆಗೆ ಶಿಕಮಿಗೆ, ತಂಗಡಿಗೆ ಗಾಯರಾಣಕ್ಕೂ ಖಾರಿಜ್ ಖಾತೆಗೂ, ಗೌರಿ ಹೂವಿಗೆ ದಾರಿಯ ಬೇಲಿಗೆ, ಅಣ್ಣೆಗೆ ಮಾತ್ರ ರೈತರ ಹೊಲಕ್ಕೆ, ಅದೂ ರೈತರಿಗೆ ಬೇಡವಾದ ಕಳೆಯಾಗಿ. ಆಂಧ್ರರ ಸಾಮಾಜಿಕ ಚರಿತ್ರೆಯನ್ನು ರಾಜವಂಶಗಳಿಂದ ಬಿಡಿಸಿ ಜನಜೀವನದ ಕಡೆಗೆ ತಿರುಗಿಸಿದ ಸುರವರಂ ಪ್ರತಾಪರೆಡ್ಡಿ ಅವರು ಈ ಗದ್ವಾಲ್ ಸೀಮೆಯವರೇ ಎಂಬುದು ಇಲ್ಲಿ ನೆನೆಯತಕ್ಕದ್ದು. ಅವರು 1949ರಲ್ಲಿ ಪ್ರಕಟಿಸಿದ ಆಂಧ್ರರ ಸಾಂಘಿಕ ಚರಿತ್ರೆ ಊಟ, ಉಡುಗೆ, ಆಟ, ಹಬ್ಬಗಳನ್ನೂ ಇತಿಹಾಸದ ಆಧಾರವಾಗಿ ಎಣಿಸಬೇಕೆಂಬ ದಾರಿಯನ್ನು ತೆಲುಗಿನಲ್ಲಿ ತೆರೆಯಿತು.

ಕಾಡುಹೂಗಳಲ್ಲಿ ಒಂದೇ ಒಂದು ಮಾತ್ರ ವ್ಯಾಪಾರದ ದಾಖಲೆಗಳನ್ನು ಧಾರಾಳವಾಗಿ ಸೇರಿತು. ಅದು ತಂಗಡಿ, ಮತ್ತು ಅದು ಸೇರಿದ್ದು ಹೂವಿನಿಂದಲ್ಲ, ತೊಗಟೆಯಿಂದ. ತೊಗಟೆಯಲ್ಲಿ ಚರ್ಮವನ್ನು ಹದಗೊಳಿಸುವ ಒಗರು ದ್ರವ್ಯ, ಅಂದರೆ ಟ್ಯಾನಿನ್, ಹೇರಳವಾಗಿದೆ. ಹಳ್ಳಿಗಳಲ್ಲಿ ಮಾದಿಗ ಸಮುದಾಯದ ಕುಶಲಕರ್ಮಿಗಳು ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ತೆಗೆದ ತೊಗಲನ್ನು ಚಚ್ಚಿದ ತಂಗಡಿ ತೊಗಟೆಯ ನೀರಿನಲ್ಲಿ ದಿನಗಟ್ಟಲೆ ಇಟ್ಟು, ಕೆಲವೊಮ್ಮೆ ತೊಗಲನ್ನೇ ಚೀಲವಾಗಿ ಹೊಲಿದು ಒಳಗೆ ತೊಗಟೆ ತುಂಬಿ ನೀರು ಹೊಯ್ದು ತೂಗುಹಾಕಿ, ಹದಕ್ಕೆ ತರುತ್ತಿದ್ದರು. ತಂಗಡಿಯಿಂದ ಹದವಾದ ತೊಗಲು ಬೆಳಕಿಗೆ ಕೆಂಪೇರುವುದರಿಂದ ಕೊನೆಯಲ್ಲಿ ಅಳಲೆಕಾಯಿಯ ನೀರು ಕೊಡುವುದು ರೂಢಿ. ಹೀಗೆ ತಯಾರಾದ ಚರ್ಮ ಮೆಟ್ಟು, ಬಾರುಕೋಲುಗಳಿಗೆ ಮಾತ್ರವಲ್ಲದೆ ಕಪಿಲೆಯ ಬಾನಿಗೂ ಹೋಗುತ್ತಿತ್ತು. ಕಪಿಲೆಯೆಂದರೆ ಎತ್ತುಗಳನ್ನು ಇಳಿಜಾರಿನಲ್ಲಿ ನಡೆಸಿ ಚರ್ಮದ ದೊಡ್ಡ ಚೀಲದಿಂದ ಬಾವಿಯ ನೀರೆತ್ತುವ ಸಾಧನ. ವಿದ್ಯುತ್ ಮೋಟಾರು ಬರುವ ತನಕ ಬಾವಿಯ ಕೆಳಗಿನ ತರಿಭೂಮಿ ಹಸಿರಾಗಿದ್ದುದರ ಹಿಂದೆ ಗಾಯರಾಣದ ಈ ಹಳದಿ ಹೂವಿನ ಗಿಡವೂ ಅದನ್ನು ಬಲ್ಲ ಕೈಗಳೂ ಇದ್ದವು, ಮತ್ತು ಆ ಕೈಗಳಿಗೆ ಊರು ಕೊಟ್ಟ ಜಾಗ ಊರ ಹೊರಗಿನದಾಗಿತ್ತು ಎಂಬುದನ್ನು ಮರೆತು ಕಪಿಲೆಯ ಕಾಲವನ್ನು ಹೊಗಳುವುದು ನ್ಯಾಯವಲ್ಲ.

19ನೆಯ ಶತಮಾನದಲ್ಲಿ ಮದರಾಸಿನ ಚರ್ಮೋದ್ಯಮ ಲಂಡನ್ನಿನ ಮಾರುಕಟ್ಟೆಗೆ ಹದ ಮಾಡಿದ ತೊಗಲನ್ನು ಕಳಿಸತೊಡಗಿದಾಗ ತಂಗಡಿ ತೊಗಟೆಗೆ ಹೊಸ ಬೇಡಿಕೆ ಬಂತು, ಮತ್ತು 1889ರಿಂದ ಪ್ರಕಟವಾಗತೊಡಗಿದ ಜಾರ್ಜ್ ವಾಟ್‌ರ ಭಾರತದ ಆರ್ಥಿಕ ಉತ್ಪನ್ನಗಳ ನಿಘಂಟಿನಲ್ಲಿ ಅದಕ್ಕೆ ಸ್ಥಾನ ದೊರೆಯಿತು. 1871ರಲ್ಲಿ ಮುಂಬಯಿಯ ಕಡೆಯಿಂದಲೂ ಮದರಾಸಿನ ಕಡೆಯಿಂದಲೂ ಬಂದ ರೈಲುಹಳಿಗಳು ರಾಯಚೂರಿನಲ್ಲಿ ಕೂಡಿದ್ದರಿಂದ ಈ ಸೀಮೆಯ ಸರಕುಗಳಿಗೆ ದೂರದ ಪೇಟೆಗಳು ಹತ್ತಿರವಾದವು. ಕೃಷ್ಣಾ ಮಂಡಲದ ಕೃಷ್ಣಾ ನಿಲ್ದಾಣ ಇಂದಿಗೂ ಅದೇ ಹಾದಿಯ ಮೇಲಿದೆ. ಆದರೆ 20ನೆಯ ಶತಮಾನದ ಮೊದಲ ದಶಕದಲ್ಲಿ ಆಲ್ಫ್ರೆಡ್ ಚಾಟರ್ಟನ್ ಮದರಾಸಿನಲ್ಲಿ ಕ್ರೋಮ್ ಲವಣದಿಂದ ಚರ್ಮ ಹದಮಾಡುವ ವಿಧಾನವನ್ನು ರೂಢಿಗೆ ತಂದರು, ದಕ್ಷಿಣ ಆಫ್ರಿಕಾದಿಂದ ಅಗ್ಗವಾದ ವಾಟಲ್ ಮರದ ತೊಗಟೆ ಬರತೊಡಗಿತು, ತಂಗಡಿ ಮತ್ತೆ ಹೂವಾಗಿಯೇ ಉಳಿಯಿತು.

ಹೂವಾಗಿ ಅದರ ದೊಡ್ಡ ಸಂದರ್ಭ ಬತುಕಮ್ಮ. ಭಾದ್ರಪದದ ಅಮಾವಾಸ್ಯೆಯಿಂದ ಆಶ್ವಯುಜದ ದುರ್ಗಾಷ್ಟಮಿಯವರೆಗೆ ಒಂಬತ್ತು ದಿನ ನಡೆಯುವ ಈ ಹಬ್ಬದಲ್ಲಿ ಹೂಗಳನ್ನು ದೇವರಿಗೆ ಏರಿಸುವುದಿಲ್ಲ, ಹೂಗಳನ್ನು ಪೇರಿಸಿದ ಗೋಪುರವೇ ದೇವಿಯಾಗುತ್ತದೆ. ಹಿತ್ತಾಳೆಯ ತಾಂಬಾಳದಲ್ಲಿ ಅಥವಾ ಬಿದಿರಿನ ತಟ್ಟೆಯಲ್ಲಿ ಕುಂಬಳದ ಎಲೆ ಹಾಸಿ, ಅದರ ಮೇಲೆ ತಂಗಡಿಯ ಗೊಂಚಲುಗಳನ್ನು ಸುತ್ತಲೂ ಇಟ್ಟು, ತೊಟ್ಟುಗಳನ್ನು ಒಂದೇ ಅಳತೆಗೆ ಕತ್ತರಿಸಿ ನೂಲಿನಿಂದ ಕಟ್ಟಿದ ಅಣ್ಣೆಯ ಕಟ್ಟುಗಳನ್ನು ಬಣ್ಣದಲ್ಲಿ ಅದ್ದಿ ಸಾಲಿಗೊಂದು ಬಣ್ಣದಂತೆ ಜೋಡಿಸಿ, ನಡುವಿನ ಟೊಳ್ಳಿಗೆ ಮಿಕ್ಕ ಎಲೆ ತೊಟ್ಟುಗಳನ್ನು ತುಂಬುತ್ತ ಹೋಗುವಾಗ, ವರ್ತುಲಗಳು ಕಿರಿದಾಗುತ್ತ ಮೇಲೆ ಒಂದು ಕುಂಬಳದ ಹೂವಿಗೆ ಬಂದು ನಿಲ್ಲುತ್ತವೆ. ಅರಿಸಿನದ ಗೌರಮ್ಮನನ್ನು ಅದರ ಬಳಿ ಇಟ್ಟು, ಹೆಂಗಸರು ಸುತ್ತುಗಟ್ಟಿ ಚಪ್ಪಾಳೆ ತಟ್ಟುತ್ತ ಹಾಡಿ, ಕೊನೆಗೆ ಕೆರೆಯಲ್ಲಿ ಬಿಡುತ್ತಾರೆ. ಇದಕ್ಕೂ ಮುಂಚೆ ಭಾದ್ರಪದದಲ್ಲಿಯೇ ಎಳೆಯ ಹುಡುಗಿಯರು ಹುತ್ತದ ಮಣ್ಣಿನಿಂದ ಮೆಟ್ಟಿಲು ಮೆಟ್ಟಿಲಾಗಿ ಬೊಡ್ಡೆಮ್ಮನನ್ನು ಮಾಡಿ ಕಾಡುಹೂವಿನಿಂದ ಅಲಂಕರಿಸುವ ರೂಢಿಯಿದೆ. ಮೊದಲ ದಿನದ ಬತುಕಮ್ಮನಿಗೆ ಬೇಕಾದ ಹೂಗಳನ್ನು ಹಿಂದಿನ ದಿನವೇ ತಂದು ನೀರು ಚಿಮುಕಿಸಿ ಇಡುವ ಪದ್ಧತಿಯುಂಟು, ಏಕೆಂದರೆ ಅಷ್ಟು ಹೂ ಒಂದು ಹಿತ್ತಲಿನಲ್ಲಿ ಸಿಗುವುದಿಲ್ಲ, ಅದಕ್ಕಾಗಿ ಊರ ಸರಹದ್ದಿನವರೆಗೆ ತಿರುಗಬೇಕು. ತಂಗಡಿಯಿರುವುದು ಒಣನೆಲದಲ್ಲಿ, ತಾವರೆಯಿರುವುದು ನೀರಿನಲ್ಲಿ, ಅಣ್ಣೆಯಿರುವುದು ಉತ್ತ ನೆಲದಲ್ಲಿ. ಒಂದು ತಾಂಬಾಳ ತುಂಬಬೇಕಾದರೆ ಊರಿನ ಮೂರೂ ಬಗೆಯ ನೆಲವನ್ನು ಮೆಟ್ಟಿ ಬರಬೇಕು. ಹಬ್ಬದ ಹುಟ್ಟಿನ ಬಗೆಗೆ ಹೇಳುವ ರಾಜಕುಮಾರಿಯರ ಕಥೆಗಳಿಗಿಂತ, ಕೆರೆಯ ನೀರನ್ನು ಈ ಹೂಗಳು ಶುದ್ಧಿ ಮಾಡುತ್ತವೆಂದು ಈಚೆಗೆ ಹಬ್ಬಿದ ಮಾತಿಗಿಂತ, ಈ ತಿರುಗಾಟದಲ್ಲಿ ಅಡಗಿರುವ ನೆಲದ ಅರಿವೇ ಚರಿತ್ರಕಾರನಿಗೆ ಹೆಚ್ಚು ಬೆಲೆಯುಳ್ಳದ್ದು.

ಬತುಕಮ್ಮನ ಬೇರು ವರಂಗಲ್, ಕರೀಂನಗರಗಳ ಕಡೆಯ ಉತ್ತರ ತೆಲಂಗಾಣದಲ್ಲಿ ಹೆಚ್ಚು ಆಳವಾಗಿದ್ದು, ಕೃಷ್ಣೆಯ ದಂಡೆಗೆ ಬಂದಂತೆ ಅದು ಕನ್ನಡ ಸೀಮೆಯ ಆಚರಣೆಗಳ ಮಗ್ಗುಲಿಗೆ ಬಂದು ನಿಲ್ಲುತ್ತದೆ. ಅದೇ ಭಾದ್ರಪದದ ಶುಕ್ಲಪಕ್ಷದಲ್ಲಿ ಅಂಬಿಗರ ಹೆಂಗಸರು ಬೇವಿನ ಸೊಪ್ಪು ತುಂಬಿದ ಬುಟ್ಟಿಯಲ್ಲಿ ಮಳೆಬೆಳೆಯ ದೈವವಾದ ಜೋಕುಮಾರನನ್ನು ಹೊತ್ತು ಮನೆಮನೆಗೆ ಹೋಗುವುದು ಉತ್ತರ ಕರ್ನಾಟಕದ ರೂಢಿ. 15 ದಿನ ಕಳೆದು ಅಮಾವಾಸ್ಯೆ ಬಂದರೆ ತೆಲುಗು ಮನೆಗಳ ಹೂವಿನ ಹಬ್ಬ. ಇನ್ನೂ 15 ದಿನಕ್ಕೆ ಸೀಗಿ ಹುಣ್ಣಿಮೆ, ಆಗ ಒಕ್ಕಲು ಮನೆತನಗಳು ಬೆಳೆದು ನಿಂತ ಪೈರಿಗೆ ಪೂಜೆ ಮಾಡಿ ಹೊಲಕ್ಕೆ ಚರಗ ಚೆಲ್ಲುತ್ತವೆ. ಮತ್ತೂ 15 ದಿನಕ್ಕೆ ದೀಪಾವಳಿ, ಆಗ ಸೆಗಣಿಯಿಂದ ಮಾಡಿದ ಪಾಂಡವರಿಗೆ ಉತ್ತರಾಣಿಯನ್ನೂ ಹೊನ್ನಾವರಿಕೆಯನ್ನೂ ಸಿಕ್ಕಿಸುತ್ತಾರೆ. ಒಂದೇ ಪೊದೆಯ ಹೂ ಅಮಾವಾಸ್ಯೆಗೆ ತಂಗೇಡಾಗಿ ಒಂದು ಮನೆಗೂ, ದೀಪಾವಳಿಗೆ ಹೊನ್ನಾವರಿಕೆಯಾಗಿ ಇನ್ನೊಂದು ಮನೆಗೂ ಹೋಗುತ್ತದೆ. ಈ ಹಬ್ಬಗಳನ್ನು ಭಾಷೆಗೊಂದರಂತೆ ಹಂಚಿ ಬರೆಯುವ ಪುಸ್ತಕಗಳು ಗಡಿಸೀಮೆಯ ವಾಸ್ತವವನ್ನು ಕಾಣಿಸಲಾರವು. ಪರಂಪರೆಯೆಂಬುದು ಬದಲಾಗದೆ ನಿಂತದ್ದೆಂಬ ಭಾವನೆಯೂ ಸರಿಯಲ್ಲ: ತಾಂಬಾಳದಲ್ಲಿ ಇಂದು ತಪ್ಪದೆ ಇರುವ ಚೆಂಡುಹೂವೂ ಕುಂಬಳವೂ ಅಮೆರಿಕ ಖಂಡದ ಮೂಲದವು, 16ನೆಯ ಶತಮಾನದ ತರುವಾಯ ಭಾರತಕ್ಕೆ ಬಂದವು. ಹೊಸ ಹೂವನ್ನು ಹಬ್ಬ ಯಾವ ಅಳುಕೂ ಇಲ್ಲದೆ ಒಳಕ್ಕೆ ಬಿಟ್ಟುಕೊಂಡಿದೆ.

ರಾಜ್ಯಗಳ ಗಡಿ ಈ ನೆಲದ ಮೇಲೆ ತಡವಾಗಿ ಬಂತು. ಗದ್ವಾಲ್, 18ನೆಯ ಶತಮಾನದ ಆದಿಯಲ್ಲಿ ಸೋಮಭೂಪಾಲನು ಕೋಟೆ ಕಟ್ಟಿಸಿ ನೆಲೆಗೊಳಿಸಿದ ಸಂಸ್ಥಾನವಾಗಿ, ನಿಜಾಮರಿಗೆ ಕಪ್ಪ ಸಲ್ಲಿಸುತ್ತ, ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯೊಳಗೆ ಇತ್ತು. 1949ರಲ್ಲಿ ಜಹಗೀರುಗಳು ರದ್ದಾದವು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಜಾರಿಗೆ ಬಂದಾಗ ರಾಯಚೂರು ಜಿಲ್ಲೆ ಮೈಸೂರು ರಾಜ್ಯವನ್ನು ಸೇರಿದರೂ ಅದರ ಗದ್ವಾಲ್ ಮತ್ತು ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ಮಹಬೂಬನಗರ ಜಿಲ್ಲೆಯಲ್ಲಿದ್ದ ಮಕ್ತಲ್, ತನ್ನ ಕನ್ನಡ ಹಳ್ಳಿಗಳ ಸಮೇತ, ಅಲ್ಲಿಯೇ ಉಳಿಯಿತು. 2014ರ ಜೂನ್ 2ರಂದು ತೆಲಂಗಾಣ ಹುಟ್ಟಿತು, 2016ರ ಅಕ್ಟೋಬರಿನಲ್ಲಿ ಗದ್ವಾಲ್, 2019ರ ಫೆಬ್ರುವರಿಯಲ್ಲಿ ನಾರಾಯಣಪೇಟೆ ಜಿಲ್ಲೆಗಳಾದವು. ಸಸ್ಯಶಾಸ್ತ್ರದ ಪುಸ್ತಕಗಳೂ ಗಡಿಗಳನ್ನು ಅನುಸರಿಸಿದವು. ಕುಕ್ ಅವರ ಮುಂಬಯಿ ಪ್ರಾಂತದ ಸಸ್ಯಸಂಪುಟಗಳೂ ಗ್ಯಾಂಬಲ್ ಅವರ ಮದರಾಸ್ ಪ್ರಾಂತದ ಸಸ್ಯಸಂಪುಟಗಳೂ ನಿಜಾಮರ ಸೀಮೆಯನ್ನು ಬಿಟ್ಟು ಎರಡೂ ಕಡೆಯಿಂದ ಅದರ ಅಂಚಿಗೆ ಬಂದು ನಿಂತವು; 1988ರಲ್ಲಿ ಬಂದ ಎನ್. ಪಿ. ಸಿಂಗ್ ಅವರ ಪೂರ್ವ ಕರ್ನಾಟಕದ ಸಸ್ಯಕೋಶ ಪಶ್ಚಿಮದ ದಡದಲ್ಲಿ ನಿಂತರೆ, 1997ರಲ್ಲಿ ಪುಲ್ಲಯ್ಯ ಮತ್ತು ಸಂಗಡಿಗರು ಪ್ರಕಟಿಸಿದ ಆಂಧ್ರಪ್ರದೇಶದ ಸಸ್ಯಕೋಶ ಪೂರ್ವದ ದಡವನ್ನು ವಿವರಿಸಿತು. ಹೊಸ ರಾಜ್ಯವಾದ ತೆಲಂಗಾಣ ಬತುಕಮ್ಮನನ್ನು ನಾಡಹಬ್ಬವನ್ನಾಗಿಯೂ ತಂಗಡಿಯನ್ನು ನಾಡಹೂವನ್ನಾಗಿಯೂ ಘೋಷಿಸಿತು. ಕರ್ನಾಟಕದ ನಾಡಹೂ ತಾವರೆ. ಎರಡು ರಾಜ್ಯಗಳ ಲಾಂಛನಗಳಾದ ಈ ಎರಡು ಹೂಗಳೂ ಗಡಿಯ ಹೆಂಗಸರ ಒಂದೇ ತಾಂಬಾಳದಲ್ಲಿ ಮೊದಲಿನಿಂದಲೂ ಒಟ್ಟಿಗಿವೆ.

ಹೂಗಳನ್ನು ಅರಸುವ ದಾರಿ ಬದಲಾದದ್ದು ಗಡಿಗಳಿಂದಲ್ಲ, ನೀರಿನಿಂದ. 1940ರ ದಶಕದಲ್ಲಿ ಆರಂಭವಾಗಿ ಮುಂದಿನ ದಶಕದಲ್ಲಿ ಮುಗಿದ ರಾಜೋಳಿಬಂಡೆ ತಿರುವು ಯೋಜನೆ ತುಂಗಭದ್ರೆಯ ನೀರನ್ನು ನಡಿಗಡ್ಡದ ಒಣಹೊಲಗಳಿಗೆ ತಂದಿತು. 1981ರಲ್ಲಿ ಶಂಕುಸ್ಥಾಪನೆಯಾಗಿ 1995ರಲ್ಲಿ ಉದ್ಘಾಟನೆಯಾದ ಪ್ರಿಯದರ್ಶಿನಿ ಜುರಾಲಾ ಯೋಜನೆ ಕೃಷ್ಣೆಯನ್ನು ತಡೆದು ಸುಮಾರು ಒಂದು ಲಕ್ಷ ಎಕರೆಗೆ ನೀರುಣಿಸಿತು. ಹಸಿವಿನ, ಗುಳೆಯ ಸೀಮೆಗೆ ಇದು ದೊಡ್ಡ ಉಪಕಾರ. ಅದನ್ನು ಹೂವಿನ ನೆಪದಲ್ಲಿ ಹೀಗಳೆಯುವುದು ಸಲ್ಲ. ಆದರೆ ಕಾಲುವೆಯ ನೀರು ಬಂದಲ್ಲಿ ಕೆರೆಯ ಕಾಳಜಿ ತಗ್ಗಿತು, ಕೊಳವೆಬಾವಿ ಬಂದಲ್ಲಿ ಅದು ಮತ್ತಷ್ಟು ತಗ್ಗಿತು. ನೀರುಗಂಟಿ, ಅಂದರೆ ತೂಬು ತೆರೆದು ಮುಚ್ಚಿ ಗದ್ದೆಗೆ ನೀರು ಹಂಚುತ್ತಿದ್ದ ಊರ ಆಯಗಾರ, ತನ್ನ ಕೆಲಸ ಕಳೆದುಕೊಂಡ. ಹೂಳು ತುಂಬಿದ ಶಿಕಮಿನ ಅಂಚನ್ನು ಬಳ್ಳಾರಿ ಜಾಲಿ ಮುತ್ತಿತು, ನೀರಿನ ಅಂಚನ್ನು ಬೇಶರಂ ಗಿಡ ಮುತ್ತಿತು, ಗಾಯರಾಣವನ್ನೂ ಬದುವನ್ನೂ 1950ರ ದಶಕದಲ್ಲಿ ಪುಣೆಯಲ್ಲಿ ಮೊದಲು ಗುರುತಿಸಲ್ಪಟ್ಟ ಕಾಂಗ್ರೆಸ್ ಗಿಡ ಮುತ್ತಿತು. ಖಾರಿಜ್ ಖಾತೆಯ ನೆಲ ಹಲವು ಕಡೆ ಭೂಹೀನರಿಗೆ ಹಂಚಿಕೆಯಾಯಿತು, ಅದು ನ್ಯಾಯವಾದ ಹಂಚಿಕೆ. ಕೆಲವು ಕಡೆ ಪ್ರಬಲರ ಒತ್ತುವರಿಯಾಯಿತು, ಅದು ಅನ್ಯಾಯ. ಎರಡರಲ್ಲೂ ತಂಗಡಿಯ ಪೊದೆ ಕಿತ್ತುಹೋಯಿತು.

ಇವೆಲ್ಲಕ್ಕಿಂತ ಗಾಢವಾದ ಬದಲಾವಣೆ ಹತ್ತಿಯಿಂದ ಬಂದದ್ದು. 1970ರಲ್ಲಿ ಸೂರತ್ತಿನಲ್ಲಿ ಮೊದಲ ಸಂಕರ ಹತ್ತಿ ತಳಿಯೂ, 1972ರಲ್ಲಿ ಧಾರವಾಡದಲ್ಲಿ ಬಿ. ಎಚ್. ಕಟರ್ಕಿ ಅವರ ವರಲಕ್ಷ್ಮಿ ತಳಿಯೂ ಬಿಡುಗಡೆಯಾದ ಮೇಲೆ, ಸಂಕರ ಬೀಜವನ್ನು ವರ್ಷವರ್ಷವೂ ಹೊಸದಾಗಿ ತಯಾರಿಸುವುದು ಒಂದು ಉದ್ಯಮವಾಯಿತು, ಮತ್ತು ಗದ್ವಾಲ್ ಸೀಮೆ ಅದರ ಮುಖ್ಯ ಕೇಂದ್ರಗಳಲ್ಲೊಂದಾಗಿ ಬೆಳೆಯಿತು. ಈ ಬೀಜ ಕೈಯಿಂದಲೇ ಆಗಬೇಕು. ಮರುದಿನ ಅರಳಲಿರುವ ಮೊಗ್ಗನ್ನು ಹಿಂದಿನ ಮಧ್ಯಾಹ್ನ ಗುರುತಿಸಿ, ಉಗುರಿನಿಂದ ಎಸಳನ್ನೂ ಅದರೊಳಗಿನ ಪರಾಗದ ಕೊಳವೆಯನ್ನೂ ನಡುವಿನ ಶಲಾಕೆಗೆ ನೋವಾಗದಂತೆ ಬಿಡಿಸಿ, ಮರುದಿನ ಬೆಳಿಗ್ಗೆ ಬಿಸಿಲೇರುವ ಮುನ್ನ ಗಂಡುಸಾಲಿನ ಹೂವನ್ನು ತಂದು ಒಂದೊಂದಕ್ಕೂ ಸವರಬೇಕು. ಸಣ್ಣ ಬೆರಳುಗಳೂ ಬಾಗಿದ ಬೆನ್ನುಗಳೂ ಬೇಕಾಗುವ ಈ ಕೆಲಸಕ್ಕೆ ಹೆಂಗಸರನ್ನೂ, ಬಹುಕಾಲದವರೆಗೆ ಶಾಲೆ ಬಿಡಿಸಿದ ಹುಡುಗಿಯರನ್ನೂ ಹಚ್ಚಿದ್ದು ಈ ಉದ್ಯಮದ ಮೇಲಿನ ಗಂಭೀರ ಆಕ್ಷೇಪವಾಗಿದೆ. ಈ ಕೆಲಸದ ಋತುವೂ ಆಗಸ್ಟಿನಿಂದ ಮುಂದೆ, ಭಾದ್ರಪದ ಆಶ್ವಯುಜಗಳೇ. ಹುಡುಗಿಯರು ಬೊಡ್ಡೆಮ್ಮನಿಗೆ ಹೂ ತರಲು ಕೆರೆಯಂಚಿಗೆ ಹೋಗುತ್ತಿದ್ದ ವಾರಗಳಲ್ಲಿಯೇ ಕೂಲಿಗಾಗಿ ಹತ್ತಿಯ ಹೂವಿನ ಮುಂದೆ ನಿಲ್ಲುವಂತಾಯಿತು. ಹೊಲದ ಕಳೆಯಾಗಿದ್ದ ಅಣ್ಣೆ ಬೀಜದ ಪ್ಲಾಟಿನಲ್ಲಿ ಒಂದು ಗಿಡವೂ ಉಳಿಯದಂತೆ ತೆಗೆಯಲ್ಪಡುತ್ತದೆ. ಹೂವಿನ ನೆಲವೂ, ಹೂ ಕೊಯ್ಯುವ ಬಿಡುವೂ, ಹೂವನ್ನು ಗುರುತಿಸುವ ಎಳೆಯ ಕಣ್ಣೂ ಒಟ್ಟಿಗೆ ಹೋದದ್ದು ಹೀಗೆ. ತೆಲಂಗಾಣದ ಹೂವಿನ ಹಬ್ಬದ ಬಗ್ಗೆ ಬರೆಯುವವರು ಈ ಸಂಗತಿಗೆ ಕೊಡಬೇಕಾದ ಗಮನವನ್ನು ಕೊಟ್ಟಿಲ್ಲ.

ಹಬ್ಬವೇನೋ ಕುಗ್ಗಿಲ್ಲ. ನಾಡಹಬ್ಬವಾದ ಮೇಲೆ ಶಾಲೆ, ಕಚೇರಿಗಳಲ್ಲಿಯೂ ಬತುಕಮ್ಮನ ಗೋಪುರಗಳು ಎದ್ದಿವೆ. ಅಮಾವಾಸ್ಯೆಯ ಮುಂಚಿನ ದಿನ ಪಟ್ಟಣಗಳ ಬೀದಿಬದಿಯಲ್ಲಿ ತಂಗಡಿಯ ಕಟ್ಟುಗಳೂ ಅಣ್ಣೆಯ ಕಟ್ಟುಗಳೂ ಚೆಂಡುಹೂವಿನ ರಾಶಿಗಳೂ ಬೆಲೆಗೆ ಸಿಗುತ್ತವೆ, ಅವನ್ನು ತರುವ ಬಡ ಹೆಂಗಸರಿಗೆ ನಾಲ್ಕು ಕಾಸು ಸಿಗುವುದೂ ಒಳ್ಳೆಯದೇ. ಆದರೂ ಒಡೆಯನಿಲ್ಲದ ನೆಲದಲ್ಲಿ ಬಡವಳಿಗೂ ಸಾಹುಕಾರ್ತಿಗೂ ಸಮನಾಗಿ ಸಿಗುತ್ತಿದ್ದ ಹೂ ಕೊಂಡುತರುವ ಹೂವಾದಾಗ ಹಬ್ಬದ ಒಂದು ಮುಖ್ಯ ಗುಣವೇ ಬದಲಾಯಿತೆಂದು ಒಪ್ಪಬೇಕು. 2015ರಲ್ಲಿ ಆರಂಭವಾದ ಮಿಷನ್ ಕಾಕತೀಯ ಯೋಜನೆ ರಾಜ್ಯದ 46 ಸಾವಿರಕ್ಕೂ ಹೆಚ್ಚು ಕೆರೆಕುಂಟೆಗಳ ಹೂಳೆತ್ತುವ ಗುರಿಯಿಟ್ಟುಕೊಂಡು ಹಲವು ಕೆರೆಗಳಿಗೆ ಮತ್ತೆ ನೀರು ನಿಲ್ಲುವಂತೆ ಮಾಡಿತು. ಆದರೆ ಕೆರೆಯೆಂದರೆ ನೀರು ತುಂಬುವ ಬಟ್ಟಲೆಂದಷ್ಟೇ ಎಣಿಸಿ ಅಂಚನ್ನು ನೆಟ್ಟಗೆ ಕತ್ತರಿಸಿ ಏರಿಯನ್ನು ಬೋಳು ಮಾಡಿದರೆ, ನೀರು ಬಂದರೂ ಹೂ ಬರುವುದಿಲ್ಲ. ಗರಗಕ್ಕೂ ನೈದಿಲೆಗೂ ಬೇಕಾದದ್ದು ಮೆಲ್ಲಗೆ ಇಳಿಯುವ ಕೆಸರಿನ ದಂಡೆ, ಮತ್ತು ಆ ದಂಡೆ ಎಂಜಿನಿಯರರ ನಕ್ಷೆಯಲ್ಲಿ ಕಾಣಬೇಕು.

ಅದಕ್ಕೆ ಕಾನೂನಿನ ದಾರಿ ಈಗಾಗಲೇ ಇದೆ. 2002ರ ಜೀವವೈವಿಧ್ಯ ಅಧಿನಿಯಮದಂತೆ ಸ್ಥಳೀಯ ಸಂಸ್ಥೆಗಳು ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸಿಕೊಳ್ಳಬೇಕು, ಆ ಸಮಿತಿ ತನ್ನ ಸರಹದ್ದಿನ ಗಿಡಮರ, ಪ್ರಾಣಿಪಕ್ಷಿ ಮತ್ತು ಅವುಗಳ ಬಳಕೆಯ ತಿಳಿವಳಿಕೆಯನ್ನು ಜನತಾ ಜೀವವೈವಿಧ್ಯ ದಾಖಲಾತಿ ಎಂಬ ಪುಸ್ತಕದಲ್ಲಿ ಬರೆದಿಡಬೇಕು. ಕೃಷ್ಣಾ, ಮಾಗನೂರು, ಮಕ್ತಲ್, ನಾರಾಯಣಪೇಟೆ, ಗದ್ವಾಲ್ ಮಂಡಲಗಳ ಪಂಚಾಯಿತಿಗಳು ಆ ಪುಸ್ತಕವನ್ನು ಭಾದ್ರಪದದಲ್ಲಿ, ಕೆರೆಯಂಗಳದಲ್ಲಿ ನಿಂತು, ಶಿಕಂ, ಗಾಯರಾಣ, ಪೋರಂಬೋಕುಗಳ ಸರ್ವೆ ನಂಬರಿನೊಂದಿಗೆ ಬರೆಯಲಿ; ಪ್ರತಿ ಹೂವಿಗೂ ತೆಲುಗಿನ ಹೆಸರಿನ ಮುಂದೆ ಕನ್ನಡದ ಹೆಸರನ್ನೂ ಸೇರಿಸಲಿ; ಹೇಳುವವರಾಗಿ ಈ ಹೂಗಳನ್ನು ಕೊಯ್ದು ಬಲ್ಲ ಹಿರಿಯ ಹೆಂಗಸರನ್ನೂ, ತಂಗಡಿಯ ತೊಗಟೆಯನ್ನು ಬಲ್ಲ ಮನೆತನಗಳ ಹಿರಿಯರನ್ನೂ ಕರೆಯಲಿ. ಗಡಿಯ ಈಚೆಗಿನ ರಾಯಚೂರು, ಯಾದಗಿರಿ ಜಿಲ್ಲೆಗಳ ಪಂಚಾಯಿತಿಗಳೂ ಇದೇ ಋತುವಿನಲ್ಲಿ ಇದೇ ಕೆಲಸವನ್ನು ಕೈಗೆತ್ತಿಕೊಳ್ಳಬೇಕು, ಏಕೆಂದರೆ ಈ ಕೆರೆಗಳ ನೀರು ಕೊನೆಗೆ ಸೇರುವುದು ಒಂದೇ ಕೃಷ್ಣೆಯನ್ನು.